ಹೈದರಾಬಾದಿಗೆ ಬರುವಿರಾ? ಹಲೀಂ ತಿನ್ನಿ, ಆದರೆ ಎದೆಯುರಿಗೆ ‘ಗ್ಯಾಸ್’ ಅಂತ ಹೆಸರಿಡಬೇಡಿ



ಹೃದಯದ ಆರೋಗ್ಯ ಸರಣಿಯ ಈ ಕಂತನ್ನು ಊರಿಂದ ಹೈದರಾಬಾದಿಗೆ ಬಂದು ಹೋಗುವ ಕನ್ನಡದ ಬಂಧುಗಳಿಗಾಗಿ ಬರೆಯುತ್ತಿದ್ದೇನೆ. ನಾನಿರುವುದು ಲಿಂಗಂಪಲ್ಲಿಯಲ್ಲಿ. ಬೀದರಿನಿಂದ ಜಹೀರಾಬಾದ್ ಮೇಲೆ ಬರುವ ರೈಲು, ಕಲಬುರಗಿಯಿಂದ ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ಬರುವ ರೈಲು ಊರೊಳಗೆ ಹೋಗುವ ಮುಂಚೆ ಮುಟ್ಟುವುದು ನಮ್ಮ ಲಿಂಗಂಪಲ್ಲಿಯನ್ನೇ. ಹಾಗಾಗಿ ನನ್ನ ಓಪಿಡಿಯಲ್ಲಿ ತೆಲುಗಿನಷ್ಟೇ ನಮ್ಮ ಕಡೆಯ ಕನ್ನಡವೂ ಕೇಳುತ್ತದೆ. ಆಸ್ಪತ್ರೆಗೆ, ಮದುವೆಗೆ, ಮಗನ ಕಂಪನಿ ನೋಡಲಿಕ್ಕೆ, ಮೊಮ್ಮಗುವಿನ ಬಾಣಂತನಕ್ಕೆ ಅಂತ ಬರುವವರು ಎರಡು ದಿನ ಉಳಿದರೂ ಸಾಕು, ಒಮ್ಮೆ ಬಿರಿಯಾನಿ ಆಗಲೇಬೇಕು. ಆಗಲಿ, ನಾನು ಬೇಡ ಅನ್ನುವ ವೈದ್ಯನಲ್ಲ. 2019ರಲ್ಲಿ ಯುನೆಸ್ಕೋ ಈ ಊರನ್ನು ಅಡುಗೆಯ ನಗರ ಅಂತ ಗುರುತಿಸಿದೆ. ಇಲ್ಲಿಗೆ ಬಂದು ಮೊಸರನ್ನ ತಿಂದು ಹೋಗಿ ಅಂದರೆ ಯಾರು ಕೇಳುತ್ತಾರೆ?

ಅಲ್ಲದೆ ಈ ಊಟ ನಮಗೆ ಪರದೇಶದ್ದೂ ಅಲ್ಲ. 1956ರ ನವೆಂಬರ್ 1ರ ತನಕ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕಲಬುರಗಿಯ ತಹರಿ, ನಮ್ಮ ಮದುವೆ ಮನೆಗಳ ಬಗಾರಾ ಅನ್ನ ಎಲ್ಲ ಇದೇ ಅಡುಗೆಮನೆಯ ನೆಂಟರು. ಆದರೆ ಮನೆಯಲ್ಲಿ ತಿನ್ನುವುದಕ್ಕೂ ಪ್ರಯಾಣದಲ್ಲಿ ತಿನ್ನುವುದಕ್ಕೂ ವ್ಯತ್ಯಾಸವಿದೆ. ಪ್ರಯಾಣದಲ್ಲಿ ನಿದ್ದೆ ಕೆಟ್ಟಿರುತ್ತದೆ, ಮಾತ್ರೆಯ ಹೊತ್ತು ತಪ್ಪಿರುತ್ತದೆ, ನೀರು ಕಡಿಮೆ ಕುಡಿದಿರುತ್ತೇವೆ, ಊಟ ಮಾತ್ರ ಎರಡರಷ್ಟು.

*ಮೊದಲು ಒಂದು ರಾತ್ರಿಯ ಕಥೆ*

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಹೇಳುತ್ತೇನೆ. ಹುಮನಾಬಾದ್ ಕಡೆಯ ಒಬ್ಬರು, ಐವತ್ತು ದಾಟಿದವರು, ಶುಗರ್ ಇತ್ತು. ರಂಜಾನ್ ತಿಂಗಳಲ್ಲಿ ತಂಗಿಯ ಮನೆಗೆ ಬಂದಿದ್ದರು. ರಾತ್ರಿ ಅಳಿಯಂದಿರ ಜೊತೆ ಹಳೇ ಊರಿಗೆ ಹೋಗಿ ಒಂಬತ್ತಕ್ಕೆ ಹಲೀಂ, ಹನ್ನೊಂದೂವರೆಗೆ ಬಿರಿಯಾನಿ, ಮೇಲೆ ಡಬಲ್ ಕಾ ಮೀಠಾ. ಎರಡು ಗಂಟೆಗೆ ಎದೆಯ ನಡುವೆ ಉರಿ, ಮೈಯೆಲ್ಲ ಬೆವರು. ಸೋಡಾ ಕುಡಿದರು. ಈನೋ ಕುಡಿದರು. ತೇಗು ಬಂತು, ಸ್ವಲ್ಪ ಹಗುರ ಅನ್ನಿಸಿತು. ಮಲಗಿದರು. ಬೆಳಿಗ್ಗೆ ಮೆಡಿಕಲ್ ಶಾಪ್ ತೆರೆದ ಮೇಲೆ ಗ್ಯಾಸಿನ ಮಾತ್ರೆ ತಂದರು. ನನ್ನ ಮುಂದೆ ಬಂದಾಗ ಒಂಬತ್ತು ಗಂಟೆ. “ಗ್ಯಾಸ್ ಆಗ್ಯಾದ್ರಿ ಸರ್, ಮತ್ತೇನಿಲ್ಲ, ನಿನ್ನಿ ಊಟ ಜಾಸ್ತಿ ಆತು” ಅಂದರು.

ಇಸಿಜಿಯಲ್ಲಿ ಎದೆಯ ಮುಂಭಾಗದ ದೊಡ್ಡ ಹಾರ್ಟ್ ಅಟ್ಯಾಕ್. ಮುಚ್ಚಿದ್ದ ರಕ್ತನಾಳ ತೆರೆದೆವು, ಸ್ಟೆಂಟ್ ಹಾಕಿದೆವು, ಜೀವ ಉಳಿಯಿತು. ಆದರೆ ಏಳು ಗಂಟೆ ರಕ್ತವಿಲ್ಲದೆ ಇದ್ದ ಸ್ನಾಯು ಮರಳಿ ಬರುವುದಿಲ್ಲ. ಅವರ ಹೃದಯದ ಪಂಪಿಂಗ್ ಈಗ ಶೇಕಡಾ 30ರ ಆಸುಪಾಸು. ಸಾಮಾನ್ಯವಾಗಿ ಅದು 55ಕ್ಕಿಂತ ಮೇಲಿರಬೇಕು. ಹೊಲದ ಬದುವಿನ ಮೇಲೆ ನಡೆದರೂ ಏದುಸಿರು ಬರುತ್ತದೆ ಅಂತ ಫೋನಿನಲ್ಲಿ ಹೇಳುತ್ತಾರೆ. ಎರಡೂವರೆಗೆ ಬಂದಿದ್ದರೆ ಬಹುಶಃ ಈ ಮಾತು ಇರುತ್ತಿರಲಿಲ್ಲ.

ಹಲೀಂ ಅವರ ರಕ್ತನಾಳವನ್ನು ಒಂದೇ ರಾತ್ರಿಯಲ್ಲಿ ಮುಚ್ಚಲಿಲ್ಲ. ಆ ಕೊಬ್ಬಿನ ಗಡ್ಡೆ ಹತ್ತಾರು ವರ್ಷದ್ದು. ಆದರೆ ಭಾರಿ ಊಟವಾದ ಮೇಲೆ ಹೊಟ್ಟೆ, ಕರುಳಿಗೆ ಹೆಚ್ಚು ರಕ್ತ ಬೇಕಾಗುತ್ತದೆ, ಹೃದಯ ಜೋರಾಗಿ ಬಡಿದು ಅದನ್ನು ಒದಗಿಸಬೇಕು. ಆ ಹೊತ್ತಿಗೆ ರಕ್ತದಲ್ಲಿ ಜಿಡ್ಡೂ ಏರಿರುತ್ತದೆ. ಮೊದಲೇ ಸಪೂರವಾಗಿದ್ದ ನಾಳಕ್ಕೆ ಅಷ್ಟೇ ಸಾಕಾಗಬಹುದು.

ಆದ್ದರಿಂದ ಇದನ್ನು ಮಾತ್ರ ನೆನಪಿಡಿ. ಊಟದ ನಂತರ ಎದೆಯಲ್ಲಿ ಉರಿ, ಭಾರ, ಹಿಂಡಿದ ಹಾಗೆ ಆಗುವುದು; ಜೊತೆಗೆ ತಣ್ಣನೆ ಬೆವರು, ದವಡೆಗೋ ಎಡಗೈಗೋ ಬೆನ್ನಿಗೋ ಹರಿಯುವ ನೋವು, ಏದುಸಿರು, ವಾಂತಿ ಬಂದಂತೆ ಆಗುವುದು. ಇವುಗಳಲ್ಲಿ ಯಾವುದಿದ್ದರೂ ಅದು ಗ್ಯಾಸೋ ಅಲ್ಲವೋ ಅಂತ ನಿರ್ಧರಿಸುವುದು ನಿಮ್ಮ ಕೆಲಸವಲ್ಲ, ಇಸಿಜಿಯ ಕೆಲಸ. ತೇಗು ಬಂದು ಹಗುರವಾಯಿತು ಅನ್ನುವುದು ಪುರಾವೆಯಲ್ಲ. ಶುಗರ್ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಣ್ಣುಮಕ್ಕಳಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ಉಬ್ಬಸವಾಗಿ ಬರಬಹುದು. 108ಕ್ಕೆ ಫೋನ್ ಮಾಡಿ, ಅಥವಾ ಯಾರಾದರೂ ವಾಹನ ಓಡಿಸಲಿ, ನೀವೇ ಸ್ಕೂಟರ್ ಹತ್ತಬೇಡಿ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಅಥವಾ 325 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿ. ಮಾತು ತೊದಲುವುದು, ಕೈಕಾಲು ಸೋಲುವುದು ಇದ್ದರೆ ಮಾತ್ರ ಆಸ್ಪಿರಿನ್ ಬೇಡ, ಅದು ಪಾರ್ಶ್ವವಾಯು ಇರಬಹುದು. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ನಿಮಗೇ ಬರೆದುಕೊಟ್ಟಿದ್ದರೆ ಕುಳಿತುಕೊಂಡು ಇಟ್ಟುಕೊಳ್ಳಿ. ಪಕ್ಕದ ಮನೆಯವರ ಡಬ್ಬಿಯಿಂದ ತಂದು ಇಡಬೇಡಿ, ಬಿಪಿ ಕುಸಿದು ಬೀಳುತ್ತೀರಿ.

*ಈಗ ಊಟಕ್ಕೆ ಬರೋಣ*

ಹಲೀಂ ಅಂದರೆ ಗೋಧಿ, ಮಾಂಸ, ಬೇಳೆ, ಮಸಾಲೆ, ತುಪ್ಪ. ಭಟ್ಟಿಯ ಮೇಲೆ ಸೌದೆ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಮರದ ಘೋಟ್ನಿಯಿಂದ ಕುಟ್ಟಿ ಕುಟ್ಟಿ ಮುದ್ದೆ ಮಾಡುತ್ತಾರೆ. ಇದರ ಮೂಲ ಅರಬರ ಹರೀಸ್. ನಿಜಾಮರ ಸೈನ್ಯದಲ್ಲಿದ್ದ ಯೆಮನ್ ಕಡೆಯವರು ತಂದದ್ದು. ಅವರ ವಂಶದವರಿರುವ ಬಾರ್ಕಸ್‌ನಲ್ಲಿ ಇಂದಿಗೂ ಮಸಾಲೆ ಕಡಿಮೆಯ ಹರೀಸ್ ಸಿಗುತ್ತದೆ. 2010ರಲ್ಲಿ ಹೈದರಾಬಾದಿ ಹಲೀಮಿಗೆ ಜಿಐ ಮಾನ್ಯತೆ ಬಂತು, ಮಾಂಸದ ಅಡುಗೆಯೊಂದಕ್ಕೆ ನಮ್ಮ ದೇಶದಲ್ಲಿ ಅದೇ ಮೊದಲು.

ಸೋಂಕಿನ ದೃಷ್ಟಿಯಿಂದ ನೋಡಿದರೆ ಭಟ್ಟಿಯಿಂದ ನೇರ ಬಟ್ಟಲಿಗೆ ಬರುವ ಕುದಿಬಿಸಿ ಹಲೀಂ ಬೀದಿಯ ಊಟಗಳಲ್ಲೇ ಹೆಚ್ಚು ಸುರಕ್ಷಿತವಾದದ್ದು. ತೊಂದರೆ ಹೃದಯಕ್ಕೆ. ಮೇಲೆ ಸುರಿಯುವ ತುಪ್ಪ, ಒಳಗಿನ ಉಪ್ಪು, ಹುರಿದ ಈರುಳ್ಳಿ. “ಮೇಲೆ ತುಪ್ಪ ಬೇಡ” ಅಂತ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೂರು ಜನ ಒಂದು ಬಟ್ಟಲು ತೆಗೆದುಕೊಳ್ಳಿ. ಅದನ್ನೇ ರಾತ್ರಿಯ ಊಟ ಅಂತ ಲೆಕ್ಕ ಹಾಕಿ, ಬಿರಿಯಾನಿಗೆ ಮುಂಚಿನ ತಿಂಡಿ ಅಂತಲ್ಲ.

ಬಿರಿಯಾನಿಯ ಮಾತಿಗೆ ಬಂದರೆ, ಇಲ್ಲಿನ ಹೋಟೆಲುಗಳಲ್ಲಿ ‘ಸಿಂಗಲ್’ ಅನ್ನುವುದು ಹೆಸರಿಗಷ್ಟೇ ಸಿಂಗಲ್, ಇಬ್ಬರು ಉಣ್ಣಬಹುದು. ಇಲ್ಲಿಯದು ಕಚ್ಚಿ ಬಿರಿಯಾನಿ, ಅಂದರೆ ಮಸಾಲೆ ಹಚ್ಚಿದ ಹಸಿ ಮಾಂಸದ ಮೇಲೆ ಅರೆಬೆಂದ ಅಕ್ಕಿ ಹಾಕಿ ದಮ್ ಕಟ್ಟುವುದು. ಮೂಳೆಯ ಬಳಿ ಮಾಂಸ ಕೆಂಪಗೆ, ರಬ್ಬರಿನ ಹಾಗಿದ್ದರೆ ಬದಿಗಿಡಿ. ಬಿಸಿ ಬಿರಿಯಾನಿಗಿಂತ ನನಗೆ ಹೆಚ್ಚು ಅನುಮಾನ ಅದರ ಜೊತೆ ಬರುವ ತಣ್ಣನೆಯವುಗಳ ಮೇಲೆ: ಬೆಳಿಗ್ಗೆ ಹೆಚ್ಚಿಟ್ಟ ಈರುಳ್ಳಿ, ನೀರು ಬೆರೆಸಿದ ರಾಯ್ತಾ, ಹಸಿರು ಚಟ್ನಿ.

ಬೆಳಗಿನ ಜಾವದ ನಹಾರಿ, ಪಾಯಾ ಇನ್ನೊಂದು. ಮೇಕೆ ಕಾಲಿನ ಪಾಯಾ ಕುಡಿದರೆ ಮೂಳೆಗೆ ಬಲ, ಆಪರೇಷನ್ ಆದವರಿಗೆ ಒಳ್ಳೆಯದು ಅಂತ ಬೈಪಾಸ್ ಆದ ರೋಗಿಗೆ ಫ್ಲಾಸ್ಕಿನಲ್ಲಿ ತಂದುಕೊಡುವವರಿದ್ದಾರೆ. ಅದರಲ್ಲಿ ಬಲಕ್ಕಿಂತ ಉಪ್ಪು, ಕೊಬ್ಬು ಹೆಚ್ಚು. ನಹಾರಿಯ ಮೇಲೆ ತೇಲುವ ಕೆಂಪು ಜಿಡ್ಡನ್ನು ಚಮಚದಿಂದ ಆಚೆ ಸರಿಸಿ ತಿನ್ನಿ, ರುಚಿ ಕೆಳಗೇ ಇದೆ.

ಉಪ್ಪಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಅನ್ನುತ್ತದೆ, ಅಂದರೆ ಹೆಚ್ಚೂಕಡಿಮೆ ಒಂದು ಟೀ ಚಮಚ, ಇಡೀ ದಿನದ್ದೆಲ್ಲ ಸೇರಿ. ಬಿರಿಯಾನಿ, ಮಿರ್ಚಿ ಕಾ ಸಾಲನ್, ಆವಕಾಯಿ, ಗೋಂಗುರ ಪಚ್ಚಡಿ ಒಂದೇ ಹೊತ್ತಿಗೆ ಕೂಡಿದರೆ ಆ ಲೆಕ್ಕ ಮಧ್ಯಾಹ್ನವೇ ಮುಗಿಯುತ್ತದೆ. ಪಂಪಿಂಗ್ ಕಡಿಮೆ ಇರುವವರಿಗೆ ಇದು ರುಚಿಯ ಪ್ರಶ್ನೆಯಲ್ಲ. ಉಪ್ಪು ನೀರನ್ನು ಹಿಡಿದಿಡುತ್ತದೆ, ಬಾಯಾರಿಕೆಯಿಂದ ಮತ್ತೆ ನೀರು ಕುಡಿಯುತ್ತೀರಿ, ರಾತ್ರಿ ಮಲಗಿದಾಗ ಅದು ಶ್ವಾಸಕೋಶಕ್ಕೆ ಬರುತ್ತದೆ. ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂರುವವರನ್ನು ಮದುವೆ ಸೀಸನ್ನಿನಲ್ಲಿ ನಾನು ಹೆಚ್ಚು ನೋಡುತ್ತೇನೆ. ಕಾಲು ಊದಿದರೆ, ದಿಂಬು ಎರಡಾದರೆ, ಎರಡು ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿದರೆ ಊರಿಗೆ ಹೋಗುವ ತನಕ ಕಾಯಬೇಡಿ.

*ಶಾಕಾಹಾರಿಗಳೇ, ನೀವೂ ಓದಿ*

‘ನಾವು ವೆಜ್, ನಮಗೇನೂ ಆಗುವುದಿಲ್ಲ’ ಅನ್ನುವವರಿಗೆ ನನ್ನ ಮನೆಯದೇ ಕಥೆ ಹೇಳುತ್ತೇನೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಒಂದು ಶನಿವಾರ ಬೀದರಿಗೆ ಹೊರಟವನು ಅವ್ವನಿಗೆ ಇಷ್ಟ ಅಂತ ವೆಜ್ ಬಿರಿಯಾನಿ ಪಾರ್ಸೆಲ್ ಕಟ್ಟಿಸಿಕೊಂಡೆ. ಮಧ್ಯಾಹ್ನ ಒಂದಕ್ಕೆ ಕಟ್ಟಿಸಿದ್ದು. ಒಂದು ಕೇಸ್ ಬಂದು ಹೊರಡುವುದು ನಾಲ್ಕಾಯಿತು, ಮನೆ ಮುಟ್ಟಿದ್ದು ಎಂಟಕ್ಕೆ, ಮೇ ತಿಂಗಳ ಸೆಕೆ. ನಾನೇ ಅನುಮಾನಪಟ್ಟೆ. ಅವ್ವ, “ಇಷ್ಟು ಅನ್ನ ಚೆಲ್ಲಬೇಕೇನೋ, ಬಿಸಿ ಮಾಡಿದ್ರ ಆತು” ಅಂದಳು. ಬಿಸಿ ಮಾಡಿದಳು, ಉಂಡಳು. ನಡುರಾತ್ರಿಯಿಂದ ವಾಂತಿ, ಬೆಳಗಾಗುವಷ್ಟರಲ್ಲಿ ಭೇದಿ. ನಾನು ಬೆಳಿಗ್ಗೆ ಐದಕ್ಕೇ ಡ್ಯೂಟಿಗೆ ಅಂತ ಹೊರಟಿದ್ದೆ. ಮಗ ಗಾಬರಿಯಾಗುತ್ತಾನೆ ಅಂತ ಅವ್ವ ಹೇಳಲೇ ಇಲ್ಲ. ಅಷ್ಟೇ ಅಲ್ಲ, ‘ಒಂದು ದಿನವೂ ಮಾತ್ರೆ ತಪ್ಪಿಸಬಾರದು’ ಅಂತ ನಾನೇ ಗೋಡೆಗೆ ಬರೆದು ಅಂಟಿಸಿದ್ದ ಚೀಟಿ ನೋಡಿಕೊಂಡು, ಆ ಸ್ಥಿತಿಯಲ್ಲೂ ಮೂತ್ರ ಹೋಗಿಸುವ ಮಾತ್ರೆ, ಬಿಪಿ ಮಾತ್ರೆ ಎರಡನ್ನೂ ನುಂಗಿದ್ದಳು. ಸಂಜೆ ಆಸ್ಪತ್ರೆಗೆ ಸೇರಿಸುವಾಗ ಬಿಪಿ 80, ಕ್ರಿಯಾಟಿನಿನ್ 2.8. ಐದು ದಿನ ಡ್ರಿಪ್. ಕಿಡ್ನಿ ಚೇತರಿಸಿಕೊಂಡಿತು, ನಮ್ಮ ಅದೃಷ್ಟ.

ತಪ್ಪು ಎರಡು. ಎರಡೂ ನನ್ನವು.

ಮೊದಲನೆಯದು ಅನ್ನ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ, ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಪೊಟ್ಟಣದಲ್ಲಿ ಗಂಟೆಗಟ್ಟಲೆ ಇಟ್ಟರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆಯೂ ಬದಲಾಗುವುದಿಲ್ಲ. ಮಟನ್ ಇದೆಯೋ ಕ್ಯಾರೆಟ್ ಇದೆಯೋ ಅನ್ನುವುದು ಅದಕ್ಕೆ ಬೇಕಿಲ್ಲ. ಹಾಗಾಗಿ ಪಾರ್ಸೆಲ್ ಬಿರಿಯಾನಿ ಎರಡು ಗಂಟೆಯೊಳಗೆ ಹೊಟ್ಟೆಗೆ ಹೋಗಬೇಕು ಅಥವಾ ಫ್ರಿಜ್ಜಿಗೆ ಹೋಗಬೇಕು. ಬೇಸಿಗೆಯಲ್ಲಿ ಒಂದೇ ಗಂಟೆ. ರೈಲಿನಲ್ಲಿ, ಬಸ್ಸಿನ ಮೇಲಿನ ಕ್ಯಾರಿಯರ್‌ನಲ್ಲಿ ಇಟ್ಟು ಊರಿಗೆ ಒಯ್ಯುವ ಆಸೆ ಬಿಡಿ. ಒಯ್ಯಲೇಬೇಕೆಂದರೆ ಉಸ್ಮಾನಿಯಾ ಬಿಸ್ಕತ್ತು ಒಯ್ಯಿರಿ. ಶುಗರ್ ಇರುವವರಿಗೆ ಎರಡು ಸಾಕು.

ಎರಡನೆಯದು ಮಾತ್ರೆ. ಇದನ್ನು ದಯವಿಟ್ಟು ಎರಡು ಸಲ ಓದಿ. ವಾಂತಿ, ಭೇದಿ ಜೋರಾಗಿದ್ದು ನೀರೂ ಒಳಗೆ ನಿಲ್ಲದಿದ್ದಾಗ ಮೂತ್ರದ ಮಾತ್ರೆ, ಕೆಲವು ಬಿಪಿ ಮಾತ್ರೆ (ಹೆಸರಿನ ಕೊನೆಗೆ ‘ಪ್ರಿಲ್’ ಅಥವಾ ‘ಸಾರ್ಟಾನ್’ ಇರುವವು), ಶುಗರಿನ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇವುಗಳನ್ನು ಒಂದೆರಡು ದಿನ ನಿಲ್ಲಿಸಬೇಕಾಗಬಹುದು. ಅದೇ ದಿನ ನಿಮ್ಮ ವೈದ್ಯರಿಗೆ ಫೋನ್ ಮಾಡಿ ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಕೇಳದೆ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್ ಮಾತ್ರೆಗಳನ್ನು ಭೇದಿ ಆಗುತ್ತಿದೆ ಅಂತ ನಿಲ್ಲಿಸಲೇಬೇಡಿ, ಸ್ಟೆಂಟ್ ಮುಚ್ಚಿಹೋದೀತು. ಊರಿಂದ ಹೊರಡುವಾಗಲೇ ಯಾವುದನ್ನು ನಿಲ್ಲಿಸಬಹುದು, ಯಾವುದನ್ನು ನಿಲ್ಲಿಸಬಾರದು ಅಂತ ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಅವ್ವನ ಗೋಡೆಯ ಮೇಲೆ ಈಗ ಅಂಥ ಚೀಟಿ ಇದೆ.

ಕವಾಟ ಬದಲಿಸಿಕೊಂಡು ಅಸಿಟ್ರೋಮ್ ಅಥವಾ ವಾರ್ಫರಿನ್ ನುಂಗುವವರಿಗೆ ಇನ್ನೊಂದು ಅಪಾಯ. ಭೇದಿಗೆ ಅಂತ ಮೆಡಿಕಲ್ ಶಾಪಿನವರು ಕೊಡುವ ಮೆಟ್ರೋನಿಡಜೋಲ್ ನಿಮ್ಮ ರಕ್ತವನ್ನು ಅತಿಯಾಗಿ ತೆಳು ಮಾಡುತ್ತದೆ. ಭೇದಿ, ಊಟ ಬಿಡುವುದು, ಬೇರೆ ಆ್ಯಂಟಿಬಯಾಟಿಕ್ ಕೂಡ ಐಎನ್ಆರ್ ಏರುಪೇರು ಮಾಡುತ್ತವೆ. ‘ನಾನು ರಕ್ತ ತೆಳುವಾಗುವ ಮಾತ್ರೆಯಲ್ಲಿದ್ದೇನೆ’ ಅಂತ ಮೊದಲು ಹೇಳಿ, ಆಮೇಲೆ ಮಾತ್ರೆ ಕೇಳಿ.

ಓಆರ್‌ಎಸ್ ಪೊಟ್ಟಣ ಜೊತೆಗಿರಲಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿಲಿಗೆ, ಮೇಲೆ ಬರೆದಿರುತ್ತದೆ. ಬಾಟಲಿಯಲ್ಲಿ ಬರುವ ಸಿಹಿ ಪಾನೀಯಗಳೆಲ್ಲ ಓಆರ್‌ಎಸ್ ಅಲ್ಲ. ಅಂಥವುಗಳ ಮೇಲೆ ಆ ಹೆಸರು ಹಾಕಬಾರದು ಅಂತ ನಮ್ಮ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹಾಗೆಯೇ ಆದೇಶಿಸಿತು. ಹೃದಯ ವೈಫಲ್ಯ ಇರುವವರು ಓಆರ್‌ಎಸ್‌ನಲ್ಲಿ ಉಪ್ಪಿದೆ ಅಂತ ಹೆದರುತ್ತಾರೆ. ನಿಜವಾಗಿ ನೀರು ಕಳೆದುಕೊಂಡಾಗ ಅದು ಬೇಕು. ಎಷ್ಟು ಅನ್ನುವುದನ್ನು ವೈದ್ಯರನ್ನು ಕೇಳಿ, ಗುಟುಕು ಗುಟುಕಾಗಿ ಕುಡಿಯಿರಿ.

*ಬಂಡಿ, ಬಜ್ಜಿ, ಮೇಯನೇಸ್*

ಲಿಂಗಂಪಲ್ಲಿ ಸ್ಟೇಷನ್ನಿನಿಂದ ಹೊರಗೆ ಬಂದರೆ ಟಿಫಿನ್ ಬಂಡಿಗಳು. ಇಡ್ಲಿ ಕಣ್ಣೆದುರೇ ಹಬೆಯಿಂದ ಇಳಿದರೆ ಧೈರ್ಯವಾಗಿ ತಿನ್ನಿ, ಚಟ್ನಿ ಬೇಡ, ಸಾಂಬಾರ್ ಕುದಿಯುತ್ತಿದ್ದರೆ ಹಾಕಿಸಿಕೊಳ್ಳಿ. ಇಲ್ಲಿ ‘ಮೈಸೂರು ಬಜ್ಜಿ’ ಅಂತ ಒಂದು ಸಿಗುತ್ತದೆ, ಮೈಸೂರಿನವರು ಕೇಳಿದರೆ ಗೋಳಿಬಜೆ ಅನ್ನುತ್ತಾರೆ! ಅದನ್ನು ತಿನ್ನುವ ಮುಂಚೆ ಬಾಣಲೆ ನೋಡಿ. ಎಣ್ಣೆ ಕಪ್ಪಾಗಿ, ನೊರೆ ಎದ್ದು, ಹೊಗೆ ಕಣ್ಣಿಗೆ ಹತ್ತುತ್ತಿದ್ದರೆ ಅದು ಎಷ್ಟೋ ಸಲ ಕಾದ ಎಣ್ಣೆ. ಸಂಜೆ ರಸ್ತೆಬದಿಯಲ್ಲಿ ಹೆಂಗಸರು ಬಿಸಿ ಬಿಸಿ ಜೋಳದ ರೊಟ್ಟಿ ತಟ್ಟಿಕೊಡುತ್ತಾರೆ. ನಮ್ಮ ಕಡೆಯವರಿಗೆ ಅದಕ್ಕಿಂತ ಒಳ್ಳೆಯ ಊಟ ಈ ಊರಿನಲ್ಲಿಲ್ಲ ಅಂತ ನನ್ನ ಅಭಿಪ್ರಾಯ. ಶುದ್ಧ ಶಾಕಾಹಾರಿಗಳು ಬಗಾರಾ ಅನ್ನದ ಜೊತೆಗಿನ ದಾಲ್ಚಾ ಕೇಳಿ ಹಾಕಿಸಿಕೊಳ್ಳಿ, ಅದರಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ಕಡಲೆಕಾಯಿ, ಎಳ್ಳಿನ ಅಲರ್ಜಿ ಇರುವವರಿಗೆ ಬಗಾರಾ ಬೈಂಗನ್, ಸಾಲನ್ ಎರಡೂ ಆಗದು.

ಮೊಮೊ, ಶವರ್ಮಾ ಮಕ್ಕಳ ಹಟ. 2024ರ ಅಕ್ಟೋಬರಿನಲ್ಲಿ ಮೊಮೊ ತಿಂದ ಹಲವರು ಅಸ್ವಸ್ಥರಾಗಿ, ಒಬ್ಬ ಮಹಿಳೆ ತೀರಿಕೊಂಡ ಮೇಲೆ ತೆಲಂಗಾಣ ಸರ್ಕಾರ ಅಕ್ಟೋಬರ್ 30ರಿಂದ ಹಸಿ ಮೊಟ್ಟೆಯ ಮೇಯನೇಸ್ ಅನ್ನು ಒಂದು ವರ್ಷ ನಿಷೇಧಿಸಿತು. ನಿಷೇಧ ಇರಲಿ ಬಿಡಲಿ, ಬಿಸಿಲಿಗೆ ತೆರೆದಿಟ್ಟ ಬಿಳಿ ಬಟ್ಟಲನ್ನು ಮುಟ್ಟಬೇಡಿ. ಹೆಚ್ಚಿಟ್ಟ ಹಣ್ಣು, ಐಸ್ ಹಾಕಿದ ಕಬ್ಬಿನ ಹಾಲು, ಪಾನಿಪುರಿಯ ನೀರು ಕೂಡ ಅದೇ ಪಟ್ಟಿಗೆ. ಇರಾನಿ ಚಹಾ ಕುದಿದದ್ದು, ಭಯವಿಲ್ಲ. ಸಕ್ಕರೆ ಮಾತ್ರ ಲೆಕ್ಕದಲ್ಲಿಡಿ.

ಊಟ ಮಾಡಿದ ಕೂಡಲೇ ಚಾರ್ಮಿನಾರಿನ 149 ಮೆಟ್ಟಿಲು, ಗೋಲ್ಕೊಂಡದ ಸುಮಾರು 360 ಮೆಟ್ಟಿಲು ಹತ್ತುವ ಯೋಜನೆ ಹಾಕುವವರಿದ್ದಾರೆ. ಹೃದಯದ ತೊಂದರೆ ಇರುವವರು ಮೊದಲು ಬೆಳಗಿನ ತಂಪಿನಲ್ಲಿ ಕೋಟೆ ನೋಡಿ, ಆಮೇಲೆ ಊಟ. ರೋಜಾ ಇರುವ ಹೃದ್ರೋಗಿಗಳು ರಂಜಾನಿಗೆ ಕೆಲವು ವಾರ ಮುಂಚೆಯೇ ವೈದ್ಯರನ್ನು ಕಂಡು ಮಾತ್ರೆಯ ಹೊತ್ತನ್ನು ಸಹರಿ, ಇಫ್ತಾರಿಗೆ ಹೊಂದಿಸಿಕೊಳ್ಳಿ.

*ಇನ್ನೂ ದೂರ ಹೊರಟವರಿಗೆ*

ಈಚೆಗೆ ಮಕ್ಕಳು ಅಪ್ಪ ಅಮ್ಮನನ್ನು ಕಜಾಕ್‌ಸ್ತಾನದ ಅಲ್ಮಾಟಿಗೆ ಕರೆದೊಯ್ಯುತ್ತಿದ್ದಾರೆ. ಭಾರತೀಯರಿಗೆ 14 ದಿನದ ತನಕ ವೀಸಾ ಬೇಡ. ‘ಅಲ್ಲಿ ಏನು ತಿನ್ನಬಹುದು ಸರ್’ ಅಂತ ಕೇಳಿದ ರೋಗಿಗಳಿಗೆ ನಾನು ಹೇಳಿದ್ದು ಇಷ್ಟು. ಅಲ್ಲಿನ ಮುಖ್ಯ ಊಟ ಬೆಶ್‌ಬರ್ಮಾಕ್, ಅಂದರೆ ಐದು ಬೆರಳು. ನಮ್ಮ ಹಾಗೆ ಕೈಯಲ್ಲೇ ತಿನ್ನುತ್ತಿದ್ದುದು. ಬೇಯಿಸಿದ ಕುದುರೆ ಅಥವಾ ಕುರಿ ಮಾಂಸವನ್ನು ಅಗಲವಾದ ಹಿಟ್ಟಿನ ಹಾಳೆಗಳ ಮೇಲೆ ಹಾಕಿ ಕೊಡುತ್ತಾರೆ. ಕುದುರೆ ಮಾಂಸ ಬೇಡವೆಂದರೆ ಮೊದಲೇ ಕೇಳಿ. ಕಜಿ ಅನ್ನುವುದು ಕುದುರೆ ಮಾಂಸದ ಕೊಬ್ಬಿನ ಸಾಸೇಜ್, ಕುರ್ತ್ ಅನ್ನುವ ಒಣ ಮೊಸರಿನ ಉಂಡೆಯಲ್ಲಿ ಉಪ್ಪೋ ಉಪ್ಪು; ಬಿಪಿ ಇರುವವರು ರುಚಿಗೆ ಒಂದು ಚೂರು. ಬೌರ್ಸಾಕ್ ಕರಿದ ಹಿಟ್ಟು, ನಮ್ಮ ಬನ್ಸಿನ ಅಣ್ಣ. ಮಾಂಸ ಪೂರ್ತಿ ಬೆಂದಿರಬೇಕು, ಹೊಳೆಯ ಮೀನನ್ನು ಹಸಿಯಾಗಿ, ಅರೆಬೆಂದದ್ದಾಗಿ ತಿನ್ನಲೇಬಾರದು.

ಹೃದಯದ ವೈದ್ಯನಾಗಿ ನನ್ನ ಚಿಂತೆ ಹಾಲಿನ ಮೇಲೆ. ಕುಮಿಸ್ ಅಂದರೆ ಹುಳಿಸಿದ ಕುದುರೆ ಹಾಲು, ಶುಬಾತ್ ಅಂದರೆ ಒಂಟೆ ಹಾಲಿನದು. ಇವನ್ನು ಸಾಂಪ್ರದಾಯಿಕವಾಗಿ ಕಾಯಿಸದ ಹಾಲಿನಿಂದ ಮಾಡುತ್ತಾರೆ, ಕುಮಿಸ್‌ನಲ್ಲಿ ಸ್ವಲ್ಪ ಮದ್ಯಾಂಶವೂ ಇರುತ್ತದೆ. ಕಾಯಿಸದ ಹಾಲಿನಿಂದ ಬ್ರುಸೆಲ್ಲಾ ಸೋಂಕು ಬರಬಹುದು. ವಾರಗಟ್ಟಲೆ ಬಂದು ಹೋಗುವ ಜ್ವರ, ಸಂಧಿನೋವು. ಅಪರೂಪಕ್ಕೆ ಅದು ಹೃದಯದ ಕವಾಟವನ್ನೇ ತಿನ್ನುತ್ತದೆ. ಕವಾಟದ ತೊಂದರೆ ಇರುವವರು, ಗರ್ಭಿಣಿಯರು ಮುಟ್ಟಬೇಡಿ. ಇದಕ್ಕಾಗಿ ಅಲ್ಮಾಟಿಗೇ ಹೋಗಬೇಕಿಲ್ಲ. ನಮ್ಮೂರಲ್ಲಿ ಕುರಿಹಟ್ಟಿಗೆ ಹೋದಾಗ ‘ಬಿಸಿ ನೊರೆಹಾಲು’ ಅಂತ ಕರೆದ ಹಾಲನ್ನು ಹಾಗೇ ಕುಡಿಸುತ್ತಾರಲ್ಲ, ಅಪಾಯ ಅದೇ. ಯಾವ ಊರಿಂದ ಬಂದ ಮೇಲಾದರೂ ಎರಡು ವಾರ ದಾಟಿದ ಜ್ವರ ಇದ್ದರೆ, ಎಲ್ಲಿಗೆ ಹೋಗಿದ್ದಿರಿ, ಏನು ಕುಡಿದಿರಿ ಅಂತ ವೈದ್ಯರಿಗೆ ಕೇಳದೆಯೇ ಹೇಳಿ.

ಕೊನೆಗೆ ಒಂದು ವಿನಂತಿ. ಈ ಸಂದೇಶ ಕಳಿಸುವುದಾದರೆ ಅಪ್ಪ ಅಮ್ಮನ ಫೋನಿಗೆ ಕಳಿಸಿ ಸುಮ್ಮನಾಗಬೇಡಿ. ಎದೆಯುರಿ ಮತ್ತು ಮಾತ್ರೆಯ ಭಾಗವನ್ನು ಓದಿ ಹೇಳಿ. ಅವರ ಮಾತ್ರೆಗಳ ಚೀಟಿಯ ಫೋಟೊ ನಿಮ್ಮ ಫೋನಿನಲ್ಲೂ ಇರಲಿ.

– ಹೃದ್ರೋಗ ತಜ್ಞ, ಎಂ.ಡಿ., ಲಿಂಗಂಪಲ್ಲಿ

ಮುಂದಿನ ಕಂತು: ಬೆಳಗಿನ ವಾಕಿಂಗ್‌ನಲ್ಲಿ ಎದೆ ಬಿಗಿದರೆ